ಗೇಮ್ ಡಬ್ಬಿಗೊಂದು ಕೌದಿ

ಹನುಮಸಾಗರದ ದಾನೇಶ್ವರಿ ಗಂಗಾವತಿ ಸೀಮೆಗೆ ಸೊಸೆಯಾಗಿ ಬಂದ ವರ್ಷ ಅವಳನ್ನು ಮೊದಲು ಬೆರಗುಗೊಳಿಸಿದ್ದು ಉಪ್ಪಿನ ಭರಣಿ. ಮುಚ್ಚಳ ತೆಗೆದರೆ ಒಳಗೆ ಉಪ್ಪು ನೀರಾಗಿ ಕೂತಿತ್ತು. ಅವಳ ತವರಿನಲ್ಲಿ ಒಗೆದ ಸೀರೆಯನ್ನು ಹಗ್ಗದ ಮೇಲೆ ಹರವುತ್ತಾ ಹೋದರೆ ಈ ತುದಿ ಮುಟ್ಟುವಷ್ಟರಲ್ಲಿ ಆ ತುದಿ ಒಣಗಿರುತ್ತಿತ್ತು. ಇಲ್ಲಿ ಕಾಲುವೆ ದಂಡೆಯಲ್ಲಿ ವಲಸೆ ಬಂದವರು ಕಟ್ಟಿಕೊಂಡ ಕ್ಯಾಂಪಿನಲ್ಲಿ ಮನೆಯ ಮೂರೂ ಕಡೆ ಭತ್ತದ ಗದ್ದೆ. ಡಿಸೆಂಬರ್ ಬಂತೆಂದರೆ ಮಂಜು ಗದ್ದೆಯಿಂದ ಎದ್ದು, ಕರೆಯದೆ ಬರುವ ನೆಂಟನ ಹಾಗೆ ನೇರ ಪಡಸಾಲೆಗೇ ಬರುತ್ತಿತ್ತು. ಕಡ್ಡಿ ಗೀರಿದರೆ ಬೆಂಕಿ ಹತ್ತುವ ಬದಲು ಮದ್ದು ಉದುರುತ್ತಿತ್ತು. ಹಪ್ಪಳ ಮುರಿಯುತ್ತಿರಲಿಲ್ಲ, ಮಡಚಿಕೊಳ್ಳುತ್ತಿತ್ತು.

"ಏನ್ ಊರವ್ವಾ ಅದು! ಅಲ್ಲೆ ಉಪ್ಪಿಗೂ ನೆಗಡಿ ಬರತೈತಿ" ಎಂದು ಅವಳು ತವರಿಗೆ ಹೋದಾಗ ಹೇಳುತ್ತಿದ್ದಳು.

ಎರಡನೆಯ ಬೆರಗು ಮನೆಯೊಳಗಿನದು. ಮಾವ ಹೇಮಪ್ಪ ಮತ್ತು ಗಂಡ ಶರಣಕುಮಾರ ಒಂದೇ ಸೂರಿನಡಿ ಇದ್ದರೂ ಒಬ್ಬರೊಡನೊಬ್ಬರು ಮಾತಾಡುತ್ತಿರಲಿಲ್ಲ. ಹೇಮಪ್ಪ ಅಕ್ಕಿ ಗಿರಣಿಯೊಂದರಲ್ಲಿ ಗೋದಾಮು ನೋಡಿಕೊಳ್ಳುತ್ತಿದ್ದ ಮನುಷ್ಯ. ಧಣಿಗೆ ಹೇಳಿ ಮಗನಿಗೂ ಅಲ್ಲೇ ಕೆಲಸ ಕೊಡಿಸಿದ್ದ. ಮಗ ೧೯೯೭ರಲ್ಲಿ ಆ ಕೆಲಸ ಬಿಟ್ಟು ಬಸ್ ಸ್ಟ್ಯಾಂಡಿನ ಹತ್ತಿರ ವಿಡಿಯೋ ಗೇಮ್ ಅಂಗಡಿ ಹಾಕಿದ. ಕಪಾಟಿನಷ್ಟೆತ್ತರದ ನಾಲ್ಕು ಮಶೀನು. ಬಿಲ್ಲೆ ಹಾಕಿದರೆ ಒಂದರಲ್ಲಿ ವಿಮಾನ ಹಾರುತ್ತಿತ್ತು, ಒಂದರಲ್ಲಿ ಕಾರು ಓಡುತ್ತಿತ್ತು. "ಹುಡುಗ್ರನ್ನ ಕೆಡಸೋ ಧಂದೆ" ಎಂದು ಹೇಮಪ್ಪ ಅಂದು ಮುಖ ತಿರುಗಿಸಿದವನು ಮತ್ತೆ ತಿರುಗಿರಲಿಲ್ಲ. ಅತ್ತೆ ಇರುವ ತನಕ ಇಬ್ಬರ ಮಾತನ್ನೂ ಆಕೆ ಅತ್ತಿಂದಿತ್ತ ದಾಟಿಸುತ್ತಿದ್ದಳಂತೆ. ಆಕೆ ತೀರಿಕೊಂಡ ಮೇಲೆ ಆ ಕೆಲಸ ಸೊಸೆಯ ಪಾಲಿಗೆ ಬಂತು.

"ದಾನವ್ವಾ, ಮೋಟ್ರ ಬಂದ್ ಮಾಡಂತ ಹೇಳು ಅವಗ."

"ಏನ್ರಿ, ಮಾವಾರು ಮೋಟ್ರ ಬಂದ್ ಮಾಡಂತ ಹೇಳಾಕತ್ತ್ಯಾರ."

ಅವರಿಬ್ಬರೂ ಮಾರು ದೂರದಲ್ಲಿ ಎದುರು ಬದುರು ಕೂತಿರುತ್ತಿದ್ದರು. ದಾನೇಶ್ವರಿಗೆ ಒಮ್ಮೊಮ್ಮೆ ನಗು, ಒಮ್ಮೊಮ್ಮೆ ಸಿಟ್ಟು.

ಕೆಲವು ವರ್ಷ ಅಂಗಡಿ ಚೆನ್ನಾಗಿಯೇ ನಡೆಯಿತು. ಆಮೇಲೆ ಮನೆಮನೆಗೆ ಟಿವಿಗೆ ಸಿಕ್ಕಿಸುವ ಆಟದ ಪೆಟ್ಟಿಗೆಗಳು ಬಂದವು, ಅವುಗಳ ಬೆನ್ನಿಗೇ ಕಂಪ್ಯೂಟರ್ ಸೆಂಟರುಗಳು. ೨೦೦೫ರ ದೀಪಾವಳಿಯ ಹೊತ್ತಿಗೆ ಶರಣಕುಮಾರ ಅಂಗಡಿ ಮುಚ್ಚಿ, ಅದೇ ಜಾಗದಲ್ಲಿ ಮಿಕ್ಸರು, ಫ್ಯಾನು ರಿಪೇರಿ ಶುರು ಮಾಡಿದ. ಮೂರು ಮಶೀನು ಮಾರಿದ. ವಿಮಾನದ ಆಟದ್ದನ್ನು ಮಾರಲು ಮನಸ್ಸಾಗಲಿಲ್ಲ. ಟಂಟಂ ಗಾಡಿಯಲ್ಲಿ ಹೇರಿಕೊಂಡು ಮನೆಗೇ ತಂದು ಪಡಸಾಲೆಯ ಮೂಲೆಯಲ್ಲಿ ಒಂದು ಮಗ್ಗುಲು ಗೋಡೆಗೆ ಒತ್ತುವಂತೆ ನಿಲ್ಲಿಸಿದ.

ಹೇಮಪ್ಪ ಅದನ್ನು ಮೇಲಿಂದ ಕೆಳಗೆ ನೋಡಿ, "ದಾನವ್ವಾ, ಹೊಸ ದೇವ್ರ ಬಂದಂಗೈತಿ ಮನಿಗೆ. ಕಾಯಿ ಒಡಿಯೂದೇನು ಕೇಳು" ಎಂದ.

ದಾನೇಶ್ವರಿ ಈ ಪ್ರಶ್ನೆಯನ್ನು ದಾಟಿಸಲಿಲ್ಲ.

ಮಧ್ಯಾಹ್ನ ಗಂಡಸರು ಹೊರಗೆ ಹೋದಾಗ ಅವಳು ಆ ಮಶೀನಿನ ಎದುರು ನಿಂತಳು. ಅಂಗಡಿಯಲ್ಲಿದ್ದಾಗ ಹೆಣ್ಣುಮಕ್ಕಳು ಅದರ ಬಳಿ ಸುಳಿಯುವಂತಿರಲಿಲ್ಲ. ಈಗ ಅದು ಅವಳ ಪಡಸಾಲೆಯಲ್ಲೇ ಇತ್ತು. ಬಟನ್ ಒತ್ತಿದಳು, ಹ್ಯಾಂಡಲ್ ಹಿಡಿದಳು, ವಿಮಾನ ಹಾರಿ ಬೆಟ್ಟಕ್ಕೆ ಬಡಿಯಿತು. ಮತ್ತೆ ಹಾರಿಸಿದಳು. ಒಲೆಯ ಮೇಲಿನ ಬೇಳೆ ಸೀದು ವಾಸನೆ ಬರುವ ತನಕ ಅವಳಿಗೆ ಈ ಲೋಕದ ಪರಿವೆ ಇರಲಿಲ್ಲ. ಅಂದು ರಾತ್ರಿ ಸೀದ ಬೇಳೆಯ ಸಾರು ಉಂಡ ಇಬ್ಬರೂ ಗಂಡಸರು ಒಟ್ಟಿಗೇ ಮುಖ ಕಿವಿಚಿದರು. ಕಾರಣ ಮಾತ್ರ ಇಬ್ಬರಿಗೂ ಗೊತ್ತಾಗಲಿಲ್ಲ.

ಚಳಿ ಜೋರಾದಂತೆ ಮಶೀನಿನ ಕಷ್ಟ ಶುರುವಾಯಿತು. ಮುಂಜಾನೆ ಚಾಲೂ ಮಾಡಿದರೆ ಪರದೆಯ ತುಂಬ ಅಡ್ಡಗೆರೆ. ಹ್ಯಾಂಡಲ್ ಎಡಕ್ಕೆ ತಿರುಗಿದರೆ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಬುಡದ ಪ್ಲೈವುಡ್ ತೇವ ಕುಡಿದು ಉಬ್ಬಿತು. ಹಿಂದಿನ ಬಾಗಿಲು ತೆಗೆದರೆ ನೆಲದಡಿ ಕಾಳು ತುಂಬಿಡುವ ಹಳೆಯ ಹಗೇವಿನ ವಾಸನೆ, ತಂತಿಗಳ ಮೇಲೆ ಬಿಳಿ ಬೂಷ್ಟು. ಶರಣಕುಮಾರ ಬ್ರಷ್ಷು ಹಿಡಿದು ಸ್ಪಿರಿಟ್ ಹಚ್ಚಿ ಒಳಗನ್ನೆಲ್ಲ ತೊಳೆದ. ಮಂಜು ತಾಗದಿರಲೆಂದು ಸಂಜೆ ಆಟ ಮುಗಿಸಿದ ಕೂಡಲೇ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ ಸುತ್ತಲೂ ಹಗ್ಗ ಬಿಗಿದ. ಬೆಳಗ್ಗೆ ಬಿಚ್ಚಿ ನೋಡಿದರೆ ಹಾಳೆಯ ಒಳಮೈ ತುಂಬ ಹನಿ. ಮಶೀನು ಮಳೆಯಲ್ಲಿ ನಿಂತ ಎಮ್ಮೆಯ ಹಾಗೆ ತೊಯ್ದಿತ್ತು.

"ಮ್ಯಾಲಿಂದ ಮುಚ್ಚಿದ್ರ ಒಳಗಿಂದ ಬರತೈತಲ್ಲ! ಎಲ್ಲಿಂದ ಬಂತು ಈ ನೀರು?" ಎಂದು ಅವನು ತಲೆ ಹಿಡಿದುಕೊಂಡು ಕೂತ.

ದಾನೇಶ್ವರಿ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಹೇಳಿದಳು. "ಬಿಸಿ ರೊಟ್ಟಿ ಡಬ್ಬಿಗೆ ಹಾಕಿ ಮುಚ್ಚಿದ್ರ ಏನ್ ಆಕ್ಕೈತ್ರಿ? ಬೆವರತೈತಿ. ಅದಕ್ಕ ನಾವು ಅರಿವಿ ಸುತ್ತತೀವಿ. ನೀವು ಆಡಿ ಕಾಯಿಸಿದ ಮಶೀನಿಗೆ ಹಾಳಿ ಬಿಗಿದ್ರ ಅದೂ ಬೆವರತೈತಿ."

ಶರಣಕುಮಾರ ಅವಳನ್ನೂ ರೊಟ್ಟಿಯ ಬುಟ್ಟಿಯನ್ನೂ ನೋಡಿದ. "ಹೌದಲ್ಲ" ಎಂದ.

ಅಂದೇ ಸಂಜೆ ಅವಳು ಮದುವೆಯಲ್ಲಿ ತವರಿನಿಂದ ತಂದ ಕೌದಿಯನ್ನು ಪೆಟ್ಟಿಗೆಯಿಂದ ತೆಗೆದಳು. ಹಳೆಯ ಸೀರೆ, ಧೋತರಗಳ ತುಂಡು ಜೋಡಿಸಿ ಅವಳವ್ವ ಕೈಯಾರೆ ಹೊಲಿದದ್ದು. ಮಶೀನು ಆರಿದ ಮೇಲೆ ಅದನ್ನು ಹೊದಿಸಿದಳು. ಬೆಳಗ್ಗೆ ಏಳುವಾಗ ಕೌದಿ ಇರಲಿಲ್ಲ. ಹುಡುಕಿದರೆ ಅದು ಹೇಮಪ್ಪನ ಮೈಮೇಲಿತ್ತು. ನಸುಕಿನಲ್ಲಿ ಚಳಿ ತಡೆಯಲಾರದೆ ಎದ್ದು ಮಶೀನಿನಿಂದ ಎಳೆದುಕೊಂಡು ಮಲಗಿದ್ದ.

"ಮಾವಾರ, ಅದು ಮಶೀನಿಂದ್ರಿ."

"ಹಂಗಾರ ನಾನೂ ಒಂದು ಬಟನ್ ಇಟಗೊಂತೀನಿ. ಆವಾಗ ಹೊದಿಸ್ತೀಯೇನು?"

ದಾನೇಶ್ವರಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಆ ಕೌದಿ ಮಾವನಿಗೇ ಉಳಿಯಿತು. ಮಶೀನಿಗೆ ಬೇರೆಯದೇ ಹೊಲಿಯಬೇಕಾಯಿತು. ಹಾಗೇ ಎಸೆದರೆ ಜಾರುತ್ತದೆ. ಅಂಗಿಯಂತೆ ಅಳತೆ ತೆಗೆದು, ಮೇಲೆ ಟೊಪ್ಪಿಗೆ, ಹಿಂದೆ ಕಟ್ಟಲು ಕಸಿ ಎಲ್ಲ ಬೇಕು. ಪಕ್ಕದ ಮನೆಯ ಕನಕಮ್ಮ ಜೊತೆಗೆ ಕೂತಳು. ಅವಳ ಹಿರಿಯರು ಕಾಲುವೆಯ ನೀರು ನಂಬಿ ಆಂಧ್ರದಿಂದ ಬಂದವರು; ಅವಳ ಕನ್ನಡದ ನಡುವೆ ತೆಲುಗು ಹಣಿಕಿಕ್ಕುತ್ತಿತ್ತು. ಕನಕಮ್ಮನ ಹಿತ್ತಿಲಲ್ಲಿ ಬುಟ್ಟಿಯೊಳಗೆ ಕೋಳಿಮರಿಗಳಿದ್ದವು. ಮರಿಗಳಿಗೆ ಚಳಿ ಹತ್ತದಿರಲೆಂದು ಬುಟ್ಟಿಯಲ್ಲಿ ಒಂದು ಬಲ್ಬು ಉರಿಯುತ್ತಿತ್ತು. ದಾನೇಶ್ವರಿ ಸೂಜಿ ಪೋಣಿಸುತ್ತಾ ಆ ಬಲ್ಬನ್ನೇ ನೋಡುತ್ತಿದ್ದಳು. ಬುಟ್ಟಿಯೊಳಗಿನ ಹೊಟ್ಟು ಬೆಚ್ಚಗೆ, ಗರಿಗರಿಯಾಗಿತ್ತು. ಅದೇ ಹಿತ್ತಿಲ ಹಗ್ಗದ ಮೇಲಿನ ಬಟ್ಟೆ ಎರಡು ದಿನದಿಂದ ಹಸಿಹಸಿ.

"ಕನಕಮ್ಮಾರ, ಈ ಬಲ್ಬು ನಮ್ಮ ಗೇಮ್ ಡಬ್ಬಿಯೊಳಗ ಇಟ್ರ ಹ್ಯಾಂಗ?"

"ಪೆಟ್ಟು ಅಮ್ಮಾಯಿ, ಇಡು! ಮರಿ ಹಾಕ್ತಾದೇನೋ ನೋಡೋಣ" ಎಂದು ಕನಕಮ್ಮ ನಕ್ಕಳು.

ಶರಣಕುಮಾರ ಎಣ್ಣೆ ಡಬ್ಬಿಗೆ ತೂತು ಕೊರೆದು, ಅದರೊಳಗೆ ಬಲ್ಬು ಕೂರಿಸಿ, ಕಟ್ಟಿಗೆಗೆ ಬಿಸಿ ತಾಗದಂತೆ ಮಶೀನಿನ ನಡುವೆ ತೂಗುಹಾಕಿದ. ತೇವ ಹೊರಗೆ ಹೋಗಲೆಂದು ಹಿಂದಿನ ಬಾಗಿಲನ್ನು ಗೇಣಷ್ಟು ತೆರೆದಿಟ್ಟ. ಅಷ್ಟರಲ್ಲಿ ಅಂಗಡಿಗೆ ಕೆಲಸ ತುಂಬಿ ಬಂದು ಕೆಲವು ದಿನ ಅವನು ಮಶೀನಿನ ಕಡೆ ತಿರುಗಿ ನೋಡಲಿಲ್ಲ. ದಾನೇಶ್ವರಿ ಸಂಜೆ ಬಲ್ಬು ಹಚ್ಚುವಳು, ಕೌದಿ ಇಳಿಬಿಡುವಳು, ಅಷ್ಟೇ; ಒಳಗೆ ಇಣುಕುತ್ತಿರಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಶರಣಕುಮಾರ ಕೌದಿ ತೆಗೆದು, ಪ್ಲಗ್ಗು ಹಾಕಲು ಬಾಗಿದ. ಇನ್ನೂ ಸ್ವಿಚ್ ಒತ್ತಿರಲಿಲ್ಲ. ಮಶೀನು "ಕೊಕ್" ಎಂದಿತು.

ಅವನು ಹಿಂದೆ ಸರಿದ. "ಏ, ಕರೆಂಟ್ ಇಲ್ದ ಸೌಂಡ್ ಹ್ಯಾಂಗ ಬಂತು?"

"ಕೊಕ್ ಕೊಕ್ ಕೊಕ್" ಎಂದಿತು ಮಶೀನು.

ಹಿಂದಿನ ಬಾಗಿಲನ್ನು ಪೂರ್ತಿ ತೆರೆದರೆ ಬಲ್ಬಿನ ಬೆಳಕಿನಡಿ, ತಂತಿಗಳ ಕೆಳಗೆ, ಕನಕಮ್ಮನ ಕೆಂಪು ಹೇಟೆ ಕೋಳಿ ಮಹಾರಾಣಿಯಂತೆ ಮೈ ಉಬ್ಬಿಸಿ ಕೂತಿತ್ತು. ಕೈ ಚಾಚಿದವನಿಗೆ ಪಟ್ಟನೆ ಕುಕ್ಕಿತು. ಅವನು "ಯಪ್ಪಾ!" ಎಂದು ಕಿರುಚಿ ಹಿಂದಕ್ಕೆ ಜಿಗಿದಾಗ, ಕೋಳಿ ಕೂಡ ಎದ್ದು ರೆಕ್ಕೆ ಬಡಿಯಿತು. ಅದರ ಕೆಳಗೆ ಮೊಟ್ಟೆಗಳ ರಾಶಿ.

ಹೊರಸಿನ ಮೇಲೆ ಕೂತಿದ್ದ ಹೇಮಪ್ಪ ಕತ್ತು ಚಾಚಿ ನೋಡಿದ. ಅವನಿಗೆ ನಗು ಉಕ್ಕಿ ಬಂತು. ತಡೆಯಲು ನೋಡಿದ, ಆಗಲಿಲ್ಲ.

"ಲೇ ಶರಣ್ಯಾ! ನಿನ್ನ ಇಮಾನ ತತ್ತಿ ಇಟ್ಟೈತಲೇ!"

ಶರಣಕುಮಾರ ಕುಕ್ಕಿಸಿಕೊಂಡ ಬೆರಳು ಹಿಡಿದುಕೊಂಡೇ ಅಪ್ಪನ ಕಡೆ ತಿರುಗಿದ. ಅಪ್ಪನ ಬಾಯಲ್ಲಿ ತನ್ನ ಹೆಸರು ಕೇಳಿ ಎಷ್ಟು ವರ್ಷವಾಗಿತ್ತೋ. ಹೇಮಪ್ಪನಿಗೂ ತಾನು ಏನು ಮಾಡಿದೆನೆಂದು ಆಗ ಹೊಳೆಯಿತು. ಗಡಬಡಿಸಿ ಸೊಸೆಯ ಕಡೆ ತಿರುಗಿ, "ದಾನವ್ವಾ, ಹೇಳು ಅವಗ..." ಎಂದ.

"ನಾ ಹೇಳಾಂಗಿಲ್ರಿ ಮಾವಾರ. ಅವರಿಗೆ ಕೇಳಿಸೇತಿ" ಎಂದಳು ದಾನೇಶ್ವರಿ. ಅವಳಿಗೆ ನಗು ಬರುತ್ತಿತ್ತು.

"ಕೇಳಿಸ್ತಪ್ಪಾ" ಎಂದ ಶರಣಕುಮಾರ ಮೆಲ್ಲಗೆ. ಆಮೇಲೆ, "ಈಗೇನ್ ಮಾಡೂದು?"

ಹೇಮಪ್ಪ ಗಂಟಲು ಸರಿಮಾಡಿಕೊಂಡ. "ಏನ್ ಮಾಡತಿ? ಕಾವಿಗೆ ಕುಂತೈತಿ. ಎಬ್ಬಿಸಬ್ಯಾಡ."

ಗದ್ದಲ ಕೇಳಿ ಕನಕಮ್ಮ ಓಡಿ ಬಂದಳು. "ಅಯ್ಯೋ ನಾ ಕೋಡಿ, ನನ್ನ ಕೋಳಿ! ಎಂಟು ದಿನದಿಂದ ಹುಡುಕ್ತಿದ್ದೆ, ನರಿ ಹಿಡೀತು ಅಂತ ಅತ್ತೂ ಆಗಿತ್ತಲ್ಲಾ!" ಕೋಳಿಯನ್ನು ಕದಲಿಸಬಾರದೆಂದು ಅವಳೂ ಹೇಳಿದಳು. ಹೀಗಾಗಿ ವಿಮಾನಕ್ಕೆ ರಜೆ ಸಿಕ್ಕಿತು. ಕೆಳಗೆ ಹೊಟ್ಟು ಹಾಸಿದರು, ಬಟ್ಟಲಲ್ಲಿ ನೀರಿಟ್ಟರು. ತಂತಿ ಕುಕ್ಕದಂತೆ ಶರಣಕುಮಾರ ನಡುವೆ ಜಾಳಿಗೆ ಕಟ್ಟಿದ. ಕ್ಯಾಂಪಿನ ಹೆಂಗಸರು ಒಬ್ಬೊಬ್ಬರೇ ಬಂದು ಕೌದಿ ಎತ್ತಿ ಇಣುಕಿ ಹೋದರು. ಇಷ್ಟು ದಿನ ಅದನ್ನು ಹಾಳು ಡಬ್ಬಿ ಎನ್ನುತ್ತಿದ್ದ ಹೇಮಪ್ಪ ಈಗ ಬಾಗಿಲಲ್ಲೇ ನಿಂತು, "ಸಾವಕಾಶ ನೋಡ್ರಿ, ಗದ್ಲ ಮಾಡಬ್ಯಾಡ್ರಿ" ಎಂದು ಎಲ್ಲರಿಗೂ ಹೇಳತೊಡಗಿದ.

ಕೋಳಿಯ ನೆಪದಲ್ಲಿ ದಿನವೂ ಬಗ್ಗಿ ನೋಡುತ್ತಿದ್ದವನ ಕಣ್ಣಿಗೆ ಉಬ್ಬಿದ ಬುಡ ಬಿತ್ತು. ಅವನು ಅದನ್ನು ಬೆರಳಿನಿಂದ ಒತ್ತಿದ, ಮೂಸಿದ.

"ಶರಣ್ಯಾ, ಗೋದಾಮಿನ್ಯಾಗ ನಾವು ಚೀಲಾನ ನೆಲದ ಮ್ಯಾಗ ಇಡತಿದ್ವೇನು? ಗ್ವಾಡಿಗೆ ತಾಗಸ್ತಿದ್ವೇನು? ಕೆಳಗ ಹಲಗಿ, ಸುತ್ತ ಗಾಳಿ ಆಡಾಕ ಜಾಗ. ನೀ ಅಲ್ಲೆ ನಾಕು ವರ್ಷ ಇದ್ದೀ. ಇಷ್ಟೂ ಕಲೀಲಿಲ್ಲೇನು?"

"ಕಲತಿದ್ನೆಪ್ಪಾ. ಮರ್ತಿದ್ದೆ."

"ಹಿಡಿ ಹಂಗಾರ ಆ ಕಡೆ. ಕೋಳಿ ಅಳ್ಳಾಡಬಾರ್ದು ನೋಡು."

ಅಪ್ಪ ಒಂದು ಕಡೆ, ಮಗ ಒಂದು ಕಡೆ ಹಿಡಿದು ಎತ್ತಿದರು. ದಾನೇಶ್ವರಿ ಕೆಳಗೆ ಹಲಗೆ ತಳ್ಳಿದಳು. ಕೋಳಿ ಒಮ್ಮೆ ಗೊಣಗಿ ಸುಮ್ಮನಾಯಿತು. ಇಳಿಸಿದ ಮೇಲೆ ಗಂಡಸರಿಬ್ಬರೂ ಏದುಸಿರು ಬಿಡುತ್ತಾ ಒಂದೇ ಹೊರಸಿನ ಮೇಲೆ ಕೂತರು. ದಾನೇಶ್ವರಿ ಕೇಳದೆಯೇ ಚಹಾ ಇಟ್ಟಳು. ಒಳಗೆ ನಿಂತು ಕಿವಿಗೊಟ್ಟರೆ ಅವರು ಗಿರಣಿಯ ಹಳೆಯ ಹಮಾಲನೊಬ್ಬನ ಕಥೆ ಹೇಳಿಕೊಂಡು ನಗುತ್ತಿದ್ದರು. ಚಹಾ ಕುದಿದು ಉಕ್ಕಿತು. ಅವಳಿಗೆ ಬೇಸರವಾಗಲಿಲ್ಲ.

ಸಂಕ್ರಾಂತಿ ಕಳೆದು ಮರಿಗಳು ಹೊರಬಂದವು. ಕನಕಮ್ಮ ತಾಯಿಯನ್ನೂ ಮರಿಗಳನ್ನೂ ಬುಟ್ಟಿಯಲ್ಲಿ ಹೊತ್ತು ಮನೆಗೆ ಹೋದಳು. ಶರಣಕುಮಾರ ಒಳಗನ್ನೆಲ್ಲ ಗುಡಿಸಿ ಒರೆಸಿ, ಉಸಿರು ಬಿಗಿಹಿಡಿದು ಸ್ವಿಚ್ ಹಾಕಿದ. ಅಷ್ಟು ದಿನ ಬಲ್ಬಿನ ಶಾಖಕ್ಕೆ ಒಳಗೆ ಒಂದು ಹನಿ ತೇವ ಉಳಿದಿರಲಿಲ್ಲ. ಪರದೆಯ ಮೇಲೆ ಒಂದು ಗೆರೆಯೂ ಇಲ್ಲದೆ ನೀಲಿ ಆಕಾಶ ತೆರೆದುಕೊಂಡಿತು.

ಶರಣಕುಮಾರ ಹ್ಯಾಂಡಲ್ ಬಿಟ್ಟು ಬದಿಗೆ ಸರಿದು ನಿಂತ. "ಬಾಪ್ಪಾ, ನೀ ಆಡು."

"ನನಗೇನ್ ತಿಳಿತೈತಲೇ?"

"ದಾನೇಶ್ವರಿ ಕಲಸ್ತಾಳ. ಆಕಿ ಹಗಲೆಲ್ಲ ಆಡತಾಳ, ನನಗ ಗೊತ್ತಿಲ್ಲಂತ ತಿಳಕೊಂಡಾಳ."

ದಾನೇಶ್ವರಿಯ ಮುಖ ಕೆಂಪಾಯಿತು. ಸೀದ ಬೇಳೆಯ ಸಾರಿನ ಒಗಟು ಅಂದು ಬಗೆಹರಿಯಿತು. ಹೇಮಪ್ಪ ಹ್ಯಾಂಡಲ್ ಹಿಡಿದು, ಟ್ರ್ಯಾಕ್ಟರ್ ಹೊಡೆಯುವವನಂತೆ ಕಾಲು ಅಗಲಿಸಿ ನಿಂತ.

ಅಲ್ಲಿಂದ ಮುಂದೆ ಪ್ರತಿ ಚಳಿಗಾಲಕ್ಕೂ ಮನೆಯಲ್ಲಿ ಒಂದು ಪದ್ಧತಿ ಬಿತ್ತು. ಮುಗ್ಗಲು ವಾಸನೆ ಹೋಗುವ ಹಾಗೆ ಕೌದಿ ಒಗೆದು ಬಿಸಿಲಿಗೆ ಹಾಕುವುದು, ಬಲ್ಬು ನೋಡುವುದು, ಕೋಳಿ ನುಗ್ಗದಂತೆ ಹಿಂಬಾಗಿಲಿಗೆ ಜಾಳಿಗೆ ಬಿಗಿಯುವುದು. ಚಳಿಯ ಮುಂಜಾನೆ ನೇರ ಸ್ವಿಚ್ ಒತ್ತದೆ, ಬಿಸಿಲು ಪಡಸಾಲೆಗೆ ಬರುವ ತನಕ ಕಾಯುವುದು. ಹಳೆಯ ಮಶೀನುಗಳನ್ನು ಹುಕಿಗೆ ಬಿದ್ದು ಮನೆಯಲ್ಲಿ ಇಟ್ಟುಕೊಂಡವರು ಇನ್ನೂ ಕೆಲವರಿದ್ದರು. ರಿಪೇರಿಗೆ ಬಂದವರ ಮೂಲಕ ಸುದ್ದಿ ಹರಡಿ, ಕುಷ್ಟಗಿಯಿಂದ ಒಬ್ಬರು, ಯಲಬುರ್ಗಾದಿಂದ ಒಬ್ಬರು ಅಳತೆ ಕಳಿಸಿ ಕೌದಿ ಹೊಲಿಸಿಕೊಂಡರು. ಯಲಬುರ್ಗಾದವರಿಗೆ ದಾನೇಶ್ವರಿ, "ನಿಮ್ಮದು ಒಣ ಊರ್ರಿ, ತೇವಕ್ಕಿಂತ ಧೂಳೇ ಭಾಳ. ದಟ್ಟ ನೇಯ್ಗಿ ಅರಿವಿ ಹಾಕೀನಿ" ಎಂದು ಹೇಳಿ ಕಳಿಸಿದಳು.

ಒಂದು ಜನವರಿಯಲ್ಲಿ ವಿರೂಪಾಪುರಗಡ್ಡೆಯಿಂದ ಕರೆ ಬಂತು. ಅಲ್ಲಿ ಪರದೇಶದ ಪ್ರವಾಸಿಗಳಿಗೆ ಊಟದ ಮನೆ ನಡೆಸುವ ರಜಿಯಾಬೇಗಂ ಎರಡು ಮಶೀನು ಇಟ್ಟಿದ್ದಳು; ಒಂದು ಕಡೆ ಹೊಳೆ, ಒಂದು ಕಡೆ ಗದ್ದೆ, ಎರಡೂ ಮಶೀನಿಗೆ ಬೂಷ್ಟು. ಮೂವರೂ ಬಸ್ಸು ಹತ್ತಿ ಹೋದರು. ಶರಣಕುಮಾರ ತಂತಿ ತೊಳೆದ, ಹೇಮಪ್ಪ ಹಲಗೆ ಹಾಕಿಸಿದ, ದಾನೇಶ್ವರಿ ದಾರ ಹಿಡಿದು ಅಳತೆ ತೆಗೆದಳು.

"ಬಾಯಿ, ಕೌದಿ ರಂಗೀಲಾ ಇರ್ಲಿ. ನನ್ನ ಗಿರಾಕಿಗಳಿಗೆ ಖುಷಿ ಆಗ್ಬೇಕು" ಎಂದಳು ರಜಿಯಾಬೇಗಂ.

"ಕೆಂಪು, ಹಸರು, ಹಳದಿ ಎಲ್ಲಾ ಹಾಕತೀನ್ರಿ. ಖರೆ, ಪ್ಲಾಸ್ಟಿಕ್ ಮಾತ್ರ ಹೊದಿಸಬ್ಯಾಡ್ರಿ."

ಅಷ್ಟರಲ್ಲಿ ಒಳಗಿನಿಂದ ದೊಡ್ಡ ಕೂಗು ಕೇಳಿಸಿತು. ಹೋಗಿ ನೋಡಿದರೆ, ಆಗಷ್ಟೇ ದುರಸ್ತಿಯಾದ ಮಶೀನಿನ ಎದುರು ಹೇಮಪ್ಪ ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸಿ ಹ್ಯಾಂಡಲ್ ಹಿಡಿದಿದ್ದ; ಪಕ್ಕದಲ್ಲಿ ಬಿಳಿಯ ಹುಡುಗಿಯೊಬ್ಬಳು ಎರಡನೆಯ ಹ್ಯಾಂಡಲ್ ಹಿಡಿದು ಅವನೊಡನೆ ಪಂದ್ಯ ಕಟ್ಟಿದ್ದಳು. ಒಬ್ಬರ ಭಾಷೆ ಒಬ್ಬರಿಗೆ ಗೊತ್ತಿರಲಿಲ್ಲ. ಹೇಮಪ್ಪ ಮಾತ್ರ ಬಿಡದೆ, "ಯವ್ವಾ, ನಿನ್ನ ಇಮಾನ ಎತ್ತು, ಗುಡ್ಡಕ್ಕ ಬಡಿತೈತಿ, ಎತ್ತು!" ಎಂದು ಅವಳಿಗೇ ಬುದ್ಧಿ ಹೇಳುತ್ತಿದ್ದ. ಅವಳು ವಿಮಾನ ಎತ್ತಿದಳು. ಅವಳಿಗೆ ಹೇಳುವ ಭರದಲ್ಲಿ ಅವನದೇ ಬೆಟ್ಟಕ್ಕೆ ಬಡಿಯಿತು.

ಶರಣಕುಮಾರ ಗಡಿಯಾರ ನೋಡಿ, "ಅಪ್ಪಾ, ಬಸ್ಸು ಹೋಗತೈತಿ, ಬಾ" ಎಂದ.

"ಹೋದ್ರ ಹೋಗವಲ್ದ್ಯಾಕ, ಇನ್ನೊಂದ ಬರತೈತಿ" ಎಂದು ಹೇಮಪ್ಪ ತಿರುಗಿಯೂ ನೋಡದೆ ಬಟನ್ ಒತ್ತಿದ.