ಅಳಿಯನಿಗಿಲ್ಲದ ಒಗ್ಗರಣೆ ರೊಟ್ಟಿ

ಇವತ್ತು ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಒಂದು ವಾಸನೆ. ಎಣ್ಣೆಯಲ್ಲಿ ಸಾಸಿವೆ ಸಿಡಿದು, ಬೆಳ್ಳುಳ್ಳಿ ಕೆಂಪಗಾಗಿ, ಅದರ ಮೇಲೆ ಮಜ್ಜಿಗೆಯಲ್ಲಿ ನೆನೆದ ಹಳೆಯ ಜೋಳದ ರೊಟ್ಟಿಯ ಚೂರುಗಳು ಬಿದ್ದಾಗ ಚುಂಯ್ ಎಂದು ಏಳುತ್ತದಲ್ಲ, ಆ ವಾಸನೆ. ಗೊತ್ತಿರುವವರಿಗೆ ನಾನು ವಿವರಿಸಬೇಕಾಗಿಲ್ಲ. ಗೊತ್ತಿಲ್ಲದವರು ಇವತ್ತೇ ಎರಡು ರೊಟ್ಟಿ ಉಳಿಸಿ, ನಾಳೆ ಮಾಡಿ ನೋಡಿ, ಆಮೇಲೆ ಮಾತಾಡೋಣ. ನಾನಂತೂ ಹಾಸಿಗೆಯಲ್ಲಿ ಎದ್ದು ಕೂತೆ. ಎದೆ ಢವಢವ ಹೊಡೆದುಕೊಳ್ಳುತ್ತಿತ್ತು. ಐವತ್ತೆರಡು ವಯಸ್ಸಿನ ಹೈಸ್ಕೂಲ್ ಮೇಷ್ಟ್ರಿಗೆ ಒಗ್ಗರಣೆ ವಾಸನೆಗೆ ಹೀಗಾಗುವುದು ಅಷ್ಟು ಮರ್ಯಾದೆಯ ವಿಷಯವಲ್ಲ, ಒಪ್ಪುತ್ತೇನೆ.

ಆದರೆ ಕಾರಣವಿತ್ತು. ಹೆಂಡತಿ ರೇಣುಕಾ ಹಾಲು ತರಲು ಡೈರಿಗೆ ಹೋಗಿದ್ದಳು. ಗೇಟು ಎಳೆದುಕೊಂಡ ಸದ್ದು ನಿದ್ದೆಗಣ್ಣಿನಲ್ಲೇ ಕೇಳಿತ್ತು. ನಾನು ಹಾಸಿಗೆಯಲ್ಲಿದ್ದೆ. ಸೊರಬದ ಈ ನಮ್ಮ ಮನೆಯಲ್ಲಿ ಉಳಿದವರು ಒಬ್ಬರೇ, ನನ್ನ ಅತ್ತೆ ಹಾಲಮ್ಮ. ಶಿವಮೊಗ್ಗದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದು ಎಂಟು ದಿನವಾಗಿತ್ತು. ಒಲೆಯ ಮುಂದೆ ನಿಲ್ಲಬಾರದು ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು. ಒಂದು ತಿಂಗಳಾದರೂ ನಮ್ಮಲ್ಲಿರಲಿ ಎಂಬುದು ರೇಣುಕಾಳ ಆಸೆ. ಅತ್ತೆ ಮಾತ್ರ ನಿನ್ನೆ ಸಂಜೆಯೇ ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬಿ, ಆ ಚೀಲವನ್ನು ಬಾಗಿಲ ಪಕ್ಕ ತಂದಿಟ್ಟಿದ್ದರು. ಇವತ್ತು ಹತ್ತು ಗಂಟೆಯ ಶಿಕಾರಿಪುರದ ಬಸ್ಸಿಗೆ ಹೋಗುವುದೇ ಸೈ. ಯಾಕೆ ಎಂದು ಮಗಳು ಕೇಳಿದರೂ ಅಳಿಯ ಕೇಳಿದರೂ ಬರೀ ನಗು. ರೇಣುಕಾ ಅತ್ತುಕೊಂಡೇ ಮಲಗಿದ್ದಳು.

ಅಂಥವರು ಈಗ ಒಲೆ ಹಚ್ಚಿದ್ದಾರೆ. ಅದೂ ಒಗ್ಗರಣೆ ರೊಟ್ಟಿಗೆ! ಇದು ಎಂಥ ಘಟನೆ ಎಂದು ನಿಮಗೆ ತಿಳಿಯಬೇಕಾದರೆ ನಾನು ಇಪ್ಪತ್ತನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು. ಅಡುಗೆಮನೆಗೆ ಆಮೇಲೆ ಹೋಗೋಣ, ಬನ್ನಿ.

ನಾನು ಹುಟ್ಟಿದ್ದು ಚಂದ್ರಗುತ್ತಿಯ ಬುಡದ ಒಂದು ಹಳ್ಳಿಯಲ್ಲಿ, ಬೆಳೆದದ್ದು ತಂಗಳ ಮೇಲೆ. ಉಳಿದ ಅನ್ನ ನಮ್ಮ ಅಮ್ಮನ ಕೈಯಲ್ಲಿ ಉಳಿದ ಅನ್ನವಾಗಿ ಇರುತ್ತಲೇ ಇರಲಿಲ್ಲ. ಅಕ್ಕಿಹಿಟ್ಟಿನ ಜೊತೆ ಸೇರಿ ಬೆಳಿಗ್ಗೆ ರೊಟ್ಟಿಯಾಗುತ್ತಿತ್ತು, ಇಲ್ಲದಿದ್ದರೆ ದೋಸೆ ಹಿಟ್ಟಿನೊಳಗೆ ಮಾಯವಾಗುತ್ತಿತ್ತು, ಬೇಸಿಗೆಯಾದರೆ ಸಂಡಿಗೆಯಾಗಿ ಅಂಗಳದಲ್ಲಿ ಒಣಗುತ್ತಿತ್ತು. ಸಾರನ್ನು ಮೂರು ದಿನ ಕುದಿಸಿ ಕುದಿಸಿ, ಕೊನೆಗೆ ಬೆರಳಲ್ಲಿ ಬಳಿದು ನೆಕ್ಕುವ ಹದಕ್ಕೆ ತರುತ್ತಿದ್ದಳು. ಆ ಮೂರನೆಯ ದಿನದ ಸಾರಿಗಾಗಿ ನಾನೂ ತಂಗಿಯೂ ಜಡೆ ಹಿಡಿದು ಜಗಳವಾಡಿದ್ದೇವೆ. ಜಡೆ ಅವಳದು, ಹಿಡಿದದ್ದು ನಾನು. "ಅನ್ನಕ್ಕೆ ನಿನ್ನೆ ಇವತ್ತು ಅಂತ ಎಂತದಾ? ಹಸಿವಿದ್ರೆ ತಿನ್ನು, ಇಲ್ದಿದ್ರೆ ಏಳು ಮಾರಾಯ" ಎನ್ನುತ್ತಿದ್ದಳು ಅಮ್ಮ. ಎದ್ದವರು ಯಾರೂ ಇಲ್ಲ.

ಇಂಥವನು ಮದುವೆಯಾದದ್ದು ಶಿಕಾರಿಪುರದ ಕಡೆಯ, ಈಸೂರಿನ ಆಚೆಯ ಒಂದು ಊರಿನ ಹೆಣ್ಣನ್ನು. ಮೊದಲ ಸಲ ಅತ್ತೆಮನೆಗೆ ಹೋದಾಗ ಹೋಳಿಗೆ, ಶಾವಿಗೆ ಪಾಯಸ, ಎಣ್ಣೆಗಾಯಿ, ಬಿಸಿ ಬಿಸಿ ರೊಟ್ಟಿ ಎಲ್ಲ ಆಯಿತು. ಇಬ್ಬರು ಬಡಿಸುವುದು, ಒಬ್ಬರು ಒತ್ತಾಯ ಮಾಡುವುದು. ಮರುದಿನ ಬೆಳಿಗ್ಗೆ ಎಚ್ಚರವಾದಾಗ ಈ ವಾಸನೆ! ನಾನು ಹಲ್ಲುಜ್ಜುವ ನೆಪ ಮಾಡಿಕೊಂಡು ಹಿತ್ತಿಲ ಬಾಗಿಲಿಗೆ ಹೋದೆ. ಅಡುಗೆಮನೆಯಲ್ಲಿ ಇಡೀ ಮನೆಯವರು ಒಂದು ದೊಡ್ಡ ಬಾಣಲೆಯ ಸುತ್ತ ಕೂತಿದ್ದರು. ನನ್ನ ಹೆಂಡತಿಯೂ ಅವರ ನಡುವೆ ಕೂತು, ಬಾಯಿ ತುಂಬ ತುಂಬಿಕೊಂಡು ನಗುತ್ತಿದ್ದಳು. ನನ್ನನ್ನು ಕಂಡದ್ದೇ ತಡ, ನಗು ನಿಂತಿತು. ಅತ್ತೆ ಸರಕ್ಕನೆ ಬಾಣಲೆಯ ಮೇಲೆ ಮೊರ ಮುಚ್ಚಿ, ಸೆರಗು ಸರಿಮಾಡಿಕೊಂಡು ಎದ್ದರು.

"ಹೊರಗೆ ಕುಂದರ್ರಿ ಮೇಷ್ಟ್ರೇ. ಬಿಸಿ ಉಪ್ಪಿಟ್ಟು ತರ್ತೀನ್ರಿ."

ಉಪ್ಪಿಟ್ಟು ಬಂತು. ಗೋಡಂಬಿ ಹಾಕಿದ್ದರು. ಒಂದೊಂದು ಗೋಡಂಬಿಯನ್ನೂ ನಾನು ಶಿಕ್ಷೆಯ ಹಾಗೆ ಅಗಿದೆ.

ಆ ಮನೆಯಲ್ಲಿ ಒಂದು ಅಗುಳೂ ದಂಡವಾಗುತ್ತಿರಲಿಲ್ಲ. ರೊಟ್ಟಿ ಉಳಿದರೆ ಒಗ್ಗರಣೆಗೆ, ಪಲ್ಯ ಉಳಿದರೆ ಪಡ್ಡಿನ ಹಿಟ್ಟಿಗೆ, ಪಾತ್ರೆ ತೊಳೆದ ಮುಸುರೆ ಎಮ್ಮೆಗೆ. ಆದರೆ ಅಳಿಯನಿಗೆ ಮಾತ್ರ ಎಲ್ಲವೂ ಹೊಸದಾಗಿ ಬೇಯಬೇಕು. ಇನ್ನೊಬ್ಬರಿಗೂ ಈ ಯೋಗವಿತ್ತು, ಅದು ಭೂಮಿತಾಯಿಗೆ. ಭೂಮಿ ಹುಣ್ಣಿಮೆಯ ದಿನ ನಸುಕಿನಲ್ಲಿ ಅತ್ತೆ ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ, ಆಗಷ್ಟೇ ಮಾಡಿದ ಅಡುಗೆಯನ್ನು ಪೈರಿನ ಮೇಲೆ ಎರಡೂ ಕೈಯಲ್ಲಿ ಬೀರುತ್ತಿದ್ದರು. ಅಗುಳು ನೆಲಕ್ಕೆ ಬಿದ್ದರೆ ಹೆಕ್ಕಿ ಕಣ್ಣಿಗೊತ್ತಿಕೊಳ್ಳುವ ಹೆಂಗಸು ಹೀಗೆ ಮಾಡುವುದನ್ನು ನೋಡಿ ನಾನು ಬೆರಗಾಗಿ, "ಇಷ್ಟೊಂದು ಚೆಲ್ತೀರಲ್ಲ ಅತ್ತೆ?" ಎಂದೆ. "ಚೆಲ್ಲಿದ್ದಲ್ರೀ, ಬಡಿಸಿದ್ದು. ವರ್ಷೆಲ್ಲ ನಮಗೆ ಉಣ್ಣಾಕ ಇಕ್ಕಾಕಿಗೆ ತಂಗಳು ಬಡ್ಸಾಕಾಗ್ತೈತೇನ್ರಿ?" ಎಂದರು. ನನ್ನನ್ನು ಭೂಮಿತಾಯಿಯ ಸಾಲಿನಲ್ಲಿ ಕೂರಿಸಿದ್ದಾರೆಂದು ನಾನು ಹಿಗ್ಗಬೇಕಿತ್ತು. ನನಗೋ ಆ ಬಾಣಲೆಯ ಸುತ್ತ ಒಂದು ಜಾಗ ಸಿಕ್ಕಿದ್ದರೆ ಸಾಕಿತ್ತು. ನಮ್ಮ ಮನೆಯಲ್ಲಿ ರೇಣುಕಾ ಮಾಡಿಕೊಡುತ್ತಿದ್ದಳು ನಿಜ, ಆದರೆ ಅದರ ಸುತ್ತ ಆ ನಗು ಇರುತ್ತಿರಲಿಲ್ಲ.

ಉಪಾಯಗಳನ್ನು ಮಾಡಿ ನೋಡಿದೆ. ಹೇಳದೆ ಕೇಳದೆ ಬೆಳಗಿನ ಮೊದಲ ಬಸ್ಸಿಗೆ ಹೋಗಿ ಇಳಿದೆ. ಜಗಲಿಯಲ್ಲಿ ಕೂರಿಸಿ, ಮಾತಾಡಿಸಲು ಮಾವನನ್ನು ಕಳಿಸಿ, ಅಷ್ಟರಲ್ಲಿ ಬಿಸಿ ಅವಲಕ್ಕಿ ತಂದರು. ರಾತ್ರಿ ಊಟದಲ್ಲಿ ಎರಡು ರೊಟ್ಟಿ ಕಡಿಮೆ ತಿಂದರೆ ಬೆಳಿಗ್ಗೆ ಎರಡು ಹೆಚ್ಚು ಉಳಿಯುತ್ತವೆಂದು ಲೆಕ್ಕ ಹಾಕಿದೆ. "ಯಾಕ್ರೀ ಮೇಷ್ಟ್ರೇ, ಪಲ್ಯಕ್ಕೆ ಉಪ್ಪು ಕಮ್ಮಿ ಆಗಿತ್ತೇನ್ರಿ?" ಎಂದು ಅತ್ತೆ ಕಂಗಾಲಾಗಿ ಮರುದಿನ ಎರಡು ಪಲ್ಯ, ಒಂದು ಸಿಹಿ ಮಾಡಿದರು. ನಿನ್ನೆಯ ಸಾರು ಭಾರೀ ಚೆನ್ನಾಗಿತ್ತು ಎಂದು ಬಾಯಿ ಬಿಟ್ಟರೆ ಅದೇ ಸಾರನ್ನು ಇವತ್ತು ಹೊಸದಾಗಿ ಮಾಡಿ ಹಾಕುತ್ತಿದ್ದರು. ನಾನು ಹೋದಷ್ಟೂ ಆ ಮನೆಯಲ್ಲಿ ಅಡುಗೆ ಹೆಚ್ಚಾಗುತ್ತಿತ್ತು, ಹೆಚ್ಚಾದಷ್ಟೂ ಉಳಿಯುತ್ತಿತ್ತು, ಉಳಿದದ್ದು ಮತ್ತಷ್ಟು ರುಚಿಯಾಗಿ ಮೊರದಡಿ ಸೇರುತ್ತಿತ್ತು. ಶಾಲೆಯ ಗೋಡೆಗೆ 'ಅನ್ನ ಚೆಲ್ಲಬೇಡಿ' ಎಂದು ನೀಲಿ ಬಣ್ಣದಲ್ಲಿ ಬರೆಸಿದ ಮೇಷ್ಟ್ರ ಪಾಡು ಇದು. ಬಿಸಿಯೂಟದಲ್ಲಿ ಮಕ್ಕಳು ಎರಡನೆಯ ಸಲ ಸಾರು ಹಾಕಿಸಿಕೊಳ್ಳುವಾಗ, ಬೇಕಾದ್ದನ್ನು ಕೇಳಿ ಪಡೆಯುವ ಅವರ ಧೈರ್ಯ ಕಂಡು ನನಗೆ ಹೊಟ್ಟೆ ಉರಿಯುತ್ತಿತ್ತು.

ಮೂರನೆಯ ವರ್ಷ ತಾಳ್ಮೆ ತಪ್ಪಿತು. ಅಂದು ಅತ್ತೆ ನೀರಿಗೆ, ಉಳಿದವರು ಹೊಲಕ್ಕೆ ಹೋಗಿದ್ದರು, ರೇಣುಕಾ ಸ್ನಾನಕ್ಕೆ ಹೋಗಿದ್ದಳು, ಬಾಣಲೆ ಒಲೆಯ ಕಟ್ಟೆಯ ಮೇಲೆ ಮೊರ ಹೊದ್ದು ಕೂತಿತ್ತು. ನಾನು ಮೊರ ಸರಿಸಿದೆ. ನಿಂತುಕೊಂಡೇ, ಕೈಯಿಂದಲೇ, ಗಬಗಬ ತಿಂದೆ. ಆಹಾ! ಹುಳಿ, ಖಾರ, ಅಲ್ಲಲ್ಲಿ ಶೇಂಗಾಪುಡಿ, ತಳದಲ್ಲಿ ಗರಿಗರಿ. ಮೂರನೆಯ ತುತ್ತಿಗೆ ಬೆನ್ನ ಹಿಂದೆ ಕೊಡ ಇಳಿಸಿದ ಸದ್ದಾಯಿತು.

"ಅಯ್ಯೋ ನನ್ನ ಶಿವನೇ! ಅದು ನಿನ್ನೇದ್ರೀ ಮೇಷ್ಟ್ರೇ!"

ನಾನು ನಕ್ಕೆ. ಅತ್ತೆ ನಗಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಅಳತೊಡಗಿದರು. ನಾನು ಎಂಜಲು ಕೈಯಲ್ಲಿ ನಿಂತೇ ಇದ್ದೆ. "ನಿಮಗೇನು ಕಡಿಮಿ ಮಾಡಿದ್ವಿ ಅಂತ ಹಿಂಗ್ ಮಾಡಿದ್ರಿ?" ಎಂದು ಒಂದೇ ಮಾತು ಕೇಳಿದರು.

ಊರಿಗೆ ಮರಳುವಾಗ ಬಸ್ಸಿನಲ್ಲಿ ರೇಣುಕಾ ಹೇಳಿದಳು. ಅತ್ತೆ ಚಿಕ್ಕವರಿದ್ದಾಗ ಅವರ ಅಕ್ಕನ ಗಂಡ ಒಮ್ಮೆ ಮನೆಗೆ ಬಂದಾಗ ಹಿಟ್ಟಿನ ಡಬ್ಬಿ ಖಾಲಿ. ನಿನ್ನೆಯ ರೊಟ್ಟಿಯನ್ನೇ ಒಗ್ಗರಣೆ ಹಾಕಿ ಕೊಟ್ಟರಂತೆ. ಆತ ತಟ್ಟೆ ಸರಿಸಿ ಎದ್ದು ಹೋದ. ಅಳಿಯನಿಗೆ ತಂಗಳು ಹಾಕಿದ ಮನೆ ಎಂದು ಊರೆಲ್ಲ ಆಡಿ, ಅಕ್ಕ ಒಂದು ವರ್ಷ ತವರಲ್ಲೇ ಉಳಿಯಬೇಕಾಯಿತು. "ನಮ್ಮ ಅವ್ವ ಆವತ್ತೇ ಅನ್ಕಂಡಾಳಂತ್ರೀ, ನನ್ನ ಮಗಳ ಗಂಡಗೆ ಬಿಸೀದೇ ಇಕ್ಕತೀನಿ ಅಂತ" ಎಂದಳು. ನನಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಅವತ್ತಿನಿಂದ ಆ ಮನೆಯಲ್ಲಿ ಹಾಕಿದ್ದನ್ನು ಹಾಕಿದ ಹಾಗೆ ಉಂಡು, "ಚೆನ್ನಾಗಿದೆ" ಎಂದು ಎದ್ದುಬರುತ್ತಿದ್ದೆ. ವಾಸನೆ ಬಂದ ಬೆಳಿಗ್ಗೆಗಳಲ್ಲಿ ಊರ ಕೆರೆಯ ತನಕ ಒಂದು ಸುತ್ತು ನಡೆದು ಬರುತ್ತಿದ್ದೆ.

ನಮ್ಮ ಮನೆಗೆ ಬಂದ ಅತ್ತೆಗೆ ಈ ಎಂಟು ದಿನ ನಾವು ಹೇಗೆ ಬಡಿಸಿದ್ದೇವೆಂದು ಈಗ ಹೇಳಬೇಕಾಗಿಲ್ಲ ತಾನೆ? ಹೊತ್ತು ಹೊತ್ತಿಗೂ ಬಿಸಿ. ಉಳಿದದ್ದೆಲ್ಲ ನನಗೂ ರೇಣುಕಾಗೂ. ಅದನ್ನೂ ಅತ್ತೆಗೆ ಕಾಣದಂತೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು, ನಿಂತುಕೊಂಡೇ ಮುಗಿಸುತ್ತಿದ್ದೆವು. ಉಳಿದ ರೊಟ್ಟಿಗಳನ್ನು ರೇಣುಕಾ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ ಇಡ್ಲಿ ಪಾತ್ರೆಯ ಹಿಂದೆ ಇಡುತ್ತಿದ್ದಳು. ಫ್ರಿಜ್ಜಿನಲ್ಲಂತೂ ಚಿಕ್ಕ ಚಿಕ್ಕ ಡಬ್ಬಿಗಳ ಸಂತೆಯೇ ನೆರೆದಿತ್ತು. ಫ್ರಿಜ್ಜು ಬಂದ ಮೇಲೆ ನಮ್ಮಂಥವರು ಮಾಡುವುದಿಷ್ಟೇ, ಇವತ್ತು ಚೆಲ್ಲಬೇಕಾದ್ದನ್ನು ಮುಂದಿನ ವಾರ ಚೆಲ್ಲುತ್ತೇವೆ, ಮನಸ್ಸಿಗೆ ಸಮಾಧಾನ ಸಿಗುತ್ತದೆ.

ಸರಿ, ಈಗ ಅಡುಗೆಮನೆಗೆ ಬನ್ನಿ.

ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಗ್ಯಾಸಿನ ಮುಂದೆ ನಿಂತಿದ್ದರು. ಇಡ್ಲಿ ಪಾತ್ರೆ ಪಕ್ಕಕ್ಕೆ ಸರಿದಿತ್ತು, ಡಬ್ಬಿ ಬಾಯಿ ತೆರೆದಿತ್ತು.

"ಅತ್ತೆ, ಡಾಕ್ಟ್ರು ಏನು ಹೇಳಿದಾರೆ? ಕಣ್ಣು—"

"ಕಣ್ಣಿಗೇನಾಗೇತ್ರಿ? ಚೊಲೋ ಕಾಣ್ತಾವೆ. ಅದಕ್ಕೇ ನೀವು ಬಚ್ಚಿಟ್ಟಿದ್ದೆಲ್ಲ ಕಂಡೈತಿ." ಸೌಟು ನಿಲ್ಲಲಿಲ್ಲ. "ಎಂಟು ದಿನದಿಂದ ನೋಡ್ತಿದೀನಿ. ನಾನು ಉಂಡು ಎದ್ದಕೂಡ್ಲೆ ಗಂಡ ಹೆಂಡ್ತಿ ಬಾಗ್ಲು ಮುಂದ್ಮಾಡ್ಕಂತೀರಿ. ಒಳಗೆ ನಗ್ತೀರಿ. ನಾನು ಹೊರಗೆ ಒಬ್ಬಳೇ ಗ್ವಾಡೆ ನೋಡ್ಕಂತ ಕುಂದರಬೇಕು. ನಾನೇನು ನೆಂಟ್ಳೇನ್ರಿ ಈ ಮನಿಗೆ? ನೆಂಟರು ಎಷ್ಟು ದಿನ ಇರ್ತಾರ್ರೀ? ಎಂಟು ದಿನ ಆತು, ಹೋಗಬೇಕಲ್ಲ."

ಚೀಲ ಯಾಕೆ ಬಾಗಿಲಿಗೆ ಬಂತೆಂದು ನನಗೆ ಆಗ ತಿಳಿಯಿತು. ಬಾಯಿಂದ ಹೊರಟದ್ದು ಇಪ್ಪತ್ತನಾಲ್ಕು ವರ್ಷದ ಹಳೆಯ ಮಾತು. "ನನಗೂ ಹಾಗೇ ಆಗ್ತಿತ್ತು ಅತ್ತೆ. ಹೊರಗೆ ಉಪ್ಪಿಟ್ಟು ತಿನ್ನುವಾಗ."

ಸೌಟು ನಿಂತಿತು. ಅತ್ತೆ ಕನ್ನಡಕ ತೆಗೆದು ನನ್ನನ್ನು ನೋಡಿದರು. ಹೊಸ ಕಣ್ಣು, ಇನ್ನೂ ಸ್ವಲ್ಪ ಕೆಂಪು.

"ಅವತ್ತು ಕದ್ದು ತಿಂದದ್ದು... ಇದಕ್ಕೇ ಏನ್ರಿ?"

"ಅದಕ್ಕೇ."

"ಮತ್ತೆ ಬಾಯಿಬಿಟ್ಟು ಹೇಳಾಕೇನಾಗಿತ್ತು? ನಾನು ಎಷ್ಟು ಅತ್ನಲ್ಲೋ ಯಪ್ಪಾ!" ಎಂದು, ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದ ಹಾಗೆ ಬಾಣಲೆಯನ್ನು ಇಳಿಸಿ ನೆಲದ ಮೇಲಿಟ್ಟು ಎದುರಿಗೆ ಕೂತರು. "ಕುಂದರು. ತಟ್ಟೆ ಬ್ಯಾಡ. ತಳದಾಗಿಂದು ಕೆರಕಂಡು ತಿನ್ನು, ಅಲ್ಲೇ ರುಚಿ."

ಕುಂದರು! ತಿನ್ನು! ಇಪ್ಪತ್ತನಾಲ್ಕು ವರ್ಷ ನನಗೆ ಅಂಟಿಕೊಂಡಿದ್ದ 'ರೀ' ಉದುರಿಹೋಗಿತ್ತು. ಇಷ್ಟು ಖುಷಿ ನನಗೆ ನೌಕರಿಯ ಆರ್ಡರ್ ಬಂದಾಗಲೂ ಆಗಿರಲಿಲ್ಲ. ನಾನು ಕೂತೆ, ಕೆರೆದೆ, ತಿಂದೆ. ಅತ್ತೆಯೂ ತಿಂದರು. ಹಾಲು ಹಿಡಿದು ಬಂದ ರೇಣುಕಾ ಬಾಗಿಲಲ್ಲೇ ನಿಂತುಬಿಟ್ಟಳು. ಅವ್ವ ಒಲೆ ಮುಂದೆ ಹೋದದ್ದಕ್ಕೆ ಬೈಯಬೇಕೋ, ಗಂಡ ನೆಲದ ಮೇಲೆ ಬಾಣಲೆ ಕೆರೆಯುತ್ತಿರುವುದಕ್ಕೆ ನಗಬೇಕೋ ಅವಳಿಗೆ ಹೊಳೆಯಲಿಲ್ಲ. ಆಮೇಲೆ ಬಾಣಲೆಗೆ ಇಣುಕಿ, "ನನಗೆಲ್ರೀ?" ಎಂದಳು. ಒಂದು ಚೂರೂ ಉಳಿದಿರಲಿಲ್ಲ.

ಹತ್ತು ಗಂಟೆಯ ಬಸ್ಸು ನಮ್ಮ ಬೀದಿಯ ತುದಿಯಲ್ಲಿ ಹಾರ್ನ್ ಮಾಡಿಕೊಂಡು ಹೋಯಿತು. ನಾನೂ ರೇಣುಕಾಳೂ ಅತ್ತೆಯ ಮುಖ ನೋಡಿದೆವು. ಅವರು ಜಗಲಿಯಲ್ಲಿ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಬಸ್ಸಿನ ಕಡೆ ತಲೆ ಎತ್ತಲಿಲ್ಲ.

"ರಾತ್ರಿಗೆ ನಾಕು ರೊಟ್ಟಿ ಹೆಚ್ಗಿ ಬಡಿಯಾಕ ಹೇಳು ನಿನ್ನ ಹೆಂಡ್ತಿಗೆ" ಎಂದರು ನನಗೆ. "ನಾಳಿಕ್ಕೆ ಬೇಕಾಕ್ಕಾವು."