ಕುಷ್ಟಗಿಯ ತಪ್ಪಲ್ಲ

೧೯೩೯ರ ಬೇಸಿಗೆಯಲ್ಲಿ ನಾನು ಹೈದರಾಬಾದಿನ ಒಂದು ಕಾಲೇಜಿನಲ್ಲಿ ಸಂಶೋಧನಾ ಸಹಾಯಕನಾಗಿದ್ದೆನೆಂಬುದನ್ನು ಮೊದಲಿಗೆ ಓದುಗರ ಗಮನಕ್ಕೆ ತರಬಯಸುತ್ತೇನೆ. ನನ್ನ ವಿಷಯ ಸೈದ್ಧಾಂತಿಕ ರಾಸಾಯನಿಕ ಭೌತಶಾಸ್ತ್ರ. ಅಂದರೆ ನಳಿಕೆ, ಬೆಂಕಿ, ಆಮ್ಲ ಯಾವುದೂ ಇಲ್ಲದೆ, ಪರಮಾಣುಗಳು ಕೂಡಿ ಅಣುವಾಗುವ ಬಗೆಯನ್ನು ಕ್ವಾಂಟಮ್ ಸಮೀಕರಣಗಳಿಂದ ಲೆಕ್ಕ ಹಾಕುವುದು. ರಜೆಯಲ್ಲಿ ನಮ್ಮೂರು ಕುಷ್ಟಗಿಯ ಮನೆಯಲ್ಲಿ ಕುಳಿತು ಬರೆಯುತ್ತಿದ್ದರೆ ಚಿಗವ್ವ ಅಣಕಿಸುತ್ತಿದ್ದಳು:

“ಕೆಮಿಸ್ಟ್ರಿ ಓದೀನಂತೀ, ಒಂದು ಸಾಬಾಣ ಮಾಡಾಕ ಬರಂಗಿಲ್ಲ. ಅದೆಂಥಾ ಕೆಮಿಸ್ಟ್ರಿನೋ ನಮ್ಮಪ್ಪಾ!”

ಆ ಬೇಸಿಗೆಯ ಸದರಿ ಲೆಕ್ಕವು ನೀರಿನ ಅಣುವಿನದು. ಒಂದು ಆಕ್ಸಿಜನ್ ಎರಡು ಹೈಡ್ರೋಜನ್‌ಗಳನ್ನು ಹಿಡಿದಿರುವ ಕೋನವನ್ನು ಕಂಡುಹಿಡಿಯಬೇಕಿತ್ತು. ಪ್ರಯೋಗಶಾಲೆಗಳ ಅಳತೆಯಲ್ಲಿ ಅದು ಸುಮಾರು ನೂರೈದು ಡಿಗ್ರಿ. ನನ್ನ ಲೆಕ್ಕದಲ್ಲಿ ತೊಂಬತ್ತೆಂಟು ಬಂತು. ಸಿದ್ಧಾಂತ ಏನನ್ನೋ ಬಿಟ್ಟಿದೆ, ಆ ಏಳು ಡಿಗ್ರಿಯಲ್ಲೇ ಅದರ ಸುಳಿವಿದೆ ಎಂದು ನಾನು ಬರೆದೆ. ನನ್ನ ಪ್ರೊಫೆಸರರು ಕೊಪ್ಪಳ ಕಡೆಯವರೇ. ಅವರು ಲೆಕ್ಕದ ನಡುವಿನ ಒಂದು ಬೆಲೆಯನ್ನು ಹೊಡೆದುಹಾಕಿ, ನೂರೈದು ಬರುವಂಥ ಬೇರೊಂದನ್ನು ಬರೆದರು.

“ಸರ್, ಇದು ಎಲ್ಲಿಂದ ಬಂತ್ರಿ?”

“ಪ್ರಯೋಗಕ್ಕ ಹೊಂದೇತಿಲ್ಲೋ? ಹೊಂದಿದ ಮ್ಯಾಲ ಎಲ್ಲಿಂದ ಬಂದ್ರೇನು?”

ಮರುವರ್ಷ ವಿದೇಶದ ಪತ್ರಿಕೆಯಲ್ಲಿ ಲೇಖನ ಅಚ್ಚಾಯಿತು, ಅವರೊಬ್ಬರ ಹೆಸರಿನಲ್ಲಿ. ಕೃತಜ್ಞತೆಯ ಸಾಲಿನಲ್ಲೂ ನಾನಿರಲಿಲ್ಲ. ಕೇಳಿದ್ದಕ್ಕೆ ನಕ್ಕರು: “ನಿನ್ನ ಹೆಸರು ಹಾಕಿದ್ರ ವಿಲಾಯತ್ಯಾಗ ಯಾರು ಓದ್ತಾರಲೇ ತಮ್ಮಾ?”

ನಾನು ಗಂಗಾವತಿಗೆ ಬಂದು ಶಾಲಾಮಾಸ್ತರನಾದೆ. ೧೯೪೨ರಲ್ಲಿ ಹೊರದೇಶದ ಒಬ್ಬ ವಿದ್ವಾಂಸರು, ಆ ಸಮೀಕರಣಗಳಿಂದ ನೂರೈದು ಬರಲು ಸಾಧ್ಯವೇ ಇಲ್ಲವೆಂದು ಅದೇ ಪತ್ರಿಕೆಗೆ ಬರೆದರು. ಪ್ರೊಫೆಸರರ ಉತ್ತರವೂ ಅಚ್ಚಾಯಿತು: ಸಂಖ್ಯೆಗಳನ್ನು ಲೆಕ್ಕ ಹಾಕಿದವನು ಕುಷ್ಟಗಿ, ದೋಷ ಅವನದು.

ಶಾಲೆಯ ದಾಖಲೆಯಲ್ಲಿ ನನಗೆ ಅಡ್ಡಹೆಸರಾಗಿ ನಮೂದಾಗಿದ್ದು ಊರಿನ ಹೆಸರು. ಮೆಚ್ಚುಗೆಯ ದಿನ ಇಲ್ಲದ ಹೆಸರು ಅಪರಾಧದ ದಿನ ಅಚ್ಚಿಗೆ ಸಿಕ್ಕಿತ್ತು! ಈ ಸಾಲು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ, ಓದುಗರು ಮನ್ನಿಸಬೇಕು.

ಮರುವರ್ಷ ಉಪನ್ಯಾಸಕ ಹುದ್ದೆಯ ಸಂದರ್ಶನಕ್ಕೆ ಹೋದೆ. ಸದಸ್ಯರೊಬ್ಬರು ನನ್ನ ಅರ್ಜಿಯಿಂದ ತಲೆ ಎತ್ತಿ ಕೇಳಿದರು: “ಆ ತಪ್ಪು ಲೆಕ್ಕದ ಕುಷ್ಟಗಿ ನೀವೇ ಏನ್ರಿ?” ಮಿಕ್ಕವರು ನಕ್ಕರು. ಹುದ್ದೆ ಬೇರೆಯವರಿಗೆ ಹೋಯಿತು.

ಕಾಲೇಜಿಗೆ ದೂರು ಬರೆದೆ. ಬೆಲೆಯನ್ನು ಪ್ರೊಫೆಸರರೇ ಬದಲಿಸಿದರೆಂಬುದಕ್ಕೆ ಸಾಕ್ಷಿ ಯಾರೆಂದು ಕೇಳಿದರು. ಯಾರೂ ಇರಲಿಲ್ಲ. ಊರಿಗೆ ಹೋದಾಗ ಚಿಗವ್ವ ಎಲ್ಲವನ್ನೂ ಕೇಳಿ ಸಿಡಿದಳು:

“ತಪ್ಪು ಮಾಡಿದಾಂವ ಅಂವ, ಹೆಸರು ಕೆಟ್ಟಿದ್ದು ನಮ್ಮ ಊರದ್ದು! ಸಾಕ್ಷಿ ಯಾಕ ಬೇಕೋ? ಕೂಡಿಸಿದ್ದು ತಪ್ಪಂದ್ರ ಮತ್ತ ಕೂಡಿಸಿ ತೋರಸು.”

ಅವಳು ಹೇಳಿದ್ದು ನಿಜ. ಸಿದ್ಧಾಂತದ ಲೆಕ್ಕವನ್ನು ಭೂಮಿಯ ಮೇಲೆ ಎಲ್ಲಿ ಕುಳಿತು ಮಾಡಿದರೂ ಉತ್ತರ ಒಂದೇ. ಮೊದಲಿನಿಂದ ಮಾಡಿದೆ. ಮತ್ತೆ ತೊಂಬತ್ತೆಂಟು. ಒಂದು ಹೆಜ್ಜೆಯನ್ನೂ ಬಿಡದೆ ಬರೆದು ಆ ಪತ್ರಿಕೆಗೇ ಕಳುಹಿಸಿದೆ. ಯುದ್ಧ ಮುಗಿದ ಮೇಲೆ, ೧೯೪೬ರಲ್ಲಿ, ಅಚ್ಚಾಯಿತು. ಅಷ್ಟರಲ್ಲಿ ಪ್ರೊಫೆಸರರು ಹಾರ ಹಾಕಿಸಿಕೊಂಡು ನಿವೃತ್ತರಾಗಿದ್ದರು. ಕ್ಷಮೆ ಯಾರೂ ಕೇಳಲಿಲ್ಲ, ನಾನೂ ಕ್ಷಮಿಸಿಲ್ಲ. ಆದರೆ ಮುಂದೆ ಅಣುಗಳ ಲೆಕ್ಕ ಮಾಡಿದವರು ಕೈಗೆತ್ತಿಕೊಂಡದ್ದು ನನ್ನ ತೊಂಬತ್ತೆಂಟನ್ನು. ಎರಡು ಹೈಡ್ರೋಜನ್‌ಗಳು ಪರಸ್ಪರ ದೂಡುವ ಬಲವನ್ನು ನಾನು ಬಿಟ್ಟಿದ್ದೆನೆಂದು ಅವರು ತೋರಿಸಿದರು. ಅಂಥ ತಿದ್ದುಪಡಿ ನನಗೆ ಸಂತೋಷ ಕೊಟ್ಟಿತು.

೧೯೪೬ರ ನನ್ನ ಆ ಲೇಖನದ ಕೆಳಗೆ ನಮ್ಮ ಕಚೇರಿಗಳ ರೂಢಿಯಂತೆ ಪೂರ್ತಿ ಸಹಿ ಮಾಡಿದ್ದೆ: ಶರಣಪ್ಪ ತಂದೆ ವೀರಪ್ಪ, ಸಾಕಿನ್ ಕುಷ್ಟಗಿ. ಸಾಕಿನ್ ಎಂದರೆ ನಿವಾಸಿ. ಲೆಕ್ಕ ನನ್ನದು, ಊರು ಬರೀ ಊರು ಎಂಬುದು ಎಲ್ಲರಿಗೂ ತಿಳಿಯಲೆಂದೇ ಹಾಗೆ ಬರೆದೆ.

ವೃತ್ತಿ ನನಗೆ ಕಲಿಸಿದ್ದು ಇಷ್ಟು: ಹೊಂದದ ಸಂಖ್ಯೆಯನ್ನು ಹೊಂದಿಸುವವನು ಒಂದು ದಿನ ಅದಕ್ಕೊಬ್ಬ ಅಪರಾಧಿಯನ್ನೂ ಹೊಂದಿಸುತ್ತಾನೆ.