ಚಿಕ್ಕುವಿನ ಪೆಟ್ಟಿಗೆ ಯಾಕೆ ಒಣಗುವುದಿಲ್ಲ

ಚಿಕ್ಕುವಿನ ಗಾಜಿನ ಪೆಟ್ಟಿಗೆ ಮತ್ತೆ ಬೆವರಿತ್ತು. ಶಾಲೆಯಿಂದ ಬಂದವಳು ಬ್ಯಾಗ್ ಸಹ ಇಳಿಸದೆ ಮೀಟರ್ ನೋಡಿದೆ. ತೇವಾಂಶ ತೊಂಬತ್ತೈದು!

ಎಂಥ ಕರ್ಮ ಮಾರಾಯ್ರೆ...

ಚಿಕ್ಕು ಅಂದರೆ ನನ್ನ ಬಾಲ್ ಪೈಥಾನ್. ಆಫ್ರಿಕಾ ಮೂಲದ, ವಿಷವಿಲ್ಲದ ಹಾವು. ಅರಣ್ಯ ಇಲಾಖೆಯಲ್ಲಿ ರಿಜಿಸ್ಟರ್ ಮಾಡಿಸಿಯೇ ಸಾಕಿದ್ದೇನೆ, ಕಮೆಂಟಿನಲ್ಲಿ ಕಾನೂನು ಪಾಠ ಬೇಡ.

ಹೋದ ವಾರ ಅದು ಬಾಯಿ ಅರ್ಧ ತೆರೆದು, ಮೂಗಿನಲ್ಲಿ ಗುಳ್ಳೆ ಬಿಡುತ್ತಾ ಉಸಿರಿಗೆ ಒದ್ದಾಡಲು ಶುರುಮಾಡಿತು. ಡಬ್ಬಿಯಲ್ಲಿ ಹಾಕಿಕೊಂಡು ಮಂಗಳೂರಿಗೆ ಓಡಿದೆ. ಬಸ್ಸಿನಲ್ಲಿ ಫರಂಗಿಪೇಟೆ ದಾಟುವವರೆಗೂ ಪಕ್ಕದ ಹೆಂಗಸು "ಡಬ್ಬಿಯಲ್ಲಿ ಎಂಥ ಉಂಟು?" ಎಂದು ಕೇಳುತ್ತಲೇ ಇದ್ದರು. ತಿಂಡಿ ಅಂದೆ.

ಡಾಕ್ಟರು ಇಂಜೆಕ್ಷನ್ ಕೊಟ್ಟರು. ಶ್ವಾಸಕೋಶಕ್ಕೆ ಸೋಂಕು, ಪೆಟ್ಟಿಗೆ ಬೆಚ್ಚಗಿರಬೇಕು, ಗಾಳಿ ಆಡಬೇಕು, ಪಸೆ ಇಳಿಯಬೇಕು, ಇಳಿಯದಿದ್ದರೆ ಉಳಿಯುವುದು ಕಷ್ಟ ಎಂದರು.

ಆಟಿ ತಿಂಗಳ ಜಡಿಮಳೆಯಲ್ಲಿ, ಬಂಟ್ವಾಳದಲ್ಲಿ, ಪಸೆ ಇಳಿಸುವುದು! ಇಲ್ಲಿ ಭರಣಿಯ ಉಪ್ಪೇ ನೀರಾಗುತ್ತದೆ.

ಹಾವು ಸಾಕುವವರ ಗ್ರೂಪಿನಲ್ಲಿ ಕೇಳಿದರೆ ಯಾವುದೋ ಚಳಿದೇಶದ ಮಹಾನುಭಾವ "ದಿನಕ್ಕೆರಡು ಸಲ ನೀರು ಸ್ಪ್ರೇ ಮಾಡಿ" ಅಂತಾನೆ. ಬಾ ಮಾರಾಯ, ಒಮ್ಮೆ ಜುಲೈಯಲ್ಲಿ ನಮ್ಮ ಮನೆಗೆ ಬಾ.

ನಾನೇನು ಸುಮ್ಮನೆ ಕೂರಲಿಲ್ಲ. ನೀರಿನ ಬೋಗುಣಿ ಚಿಕ್ಕದು ಮಾಡಿದೆ. ಹಾಸಿದ್ದ ತೆಂಗಿನ ನಾರಿನ ಪುಡಿ ತೆಗೆದು ಪೇಪರ್ ಹಾಸಿದೆ. ಮುಚ್ಚಳಕ್ಕೆ ಪೂರ್ತಿ ತಂತಿ ಜಾಲರಿ ಹಾಕಿಸಿ, ಅದರ ಅಡಿಗೆ ಹೀಟರ್ ಬಲ್ಬ್ ತೂಗುಹಾಕಿದೆ.

ಬೆಳಿಗ್ಗೆ ಮೂಡುಬಿದಿರೆಯ ಶಾಲೆಗೆ ಪಾಠ ಮಾಡಲು ಹೊರಡುವಾಗ ಎಲ್ಲ ಸರಿ ಇರುತ್ತದೆ. ಸಂಜೆ ಬಂದರೆ ಗಾಜಿನಲ್ಲಿ ನೀರು ಇಳಿಯುತ್ತಿರುತ್ತದೆ.

ಅಮ್ಮನನ್ನು ಕೇಳಿದರೆ "ಮಳೆ ಅಲ್ವಾ" ಅಂತಾಳೆ. ಬೀಡಿ ಕಟ್ಟುತ್ತಾ, ತಲೆ ಎತ್ತದೆ.

ನಿನ್ನೆ ಶಾಲೆ ಮುಟ್ಟಿದ ಮೇಲೆ ಮಳೆಗೆ ರಜೆ ಅಂತ ಮೆಸೇಜ್ ಬಂತು. ಯಾವಾಗಲೂ ಹೀಗೆಯೇ, ಪೂರ್ತಿ ಒದ್ದೆಯಾದ ಮೇಲೆ ರಜೆ! ಬೈಯುತ್ತಲೇ ವಾಪಸ್ ಬಂದೆ.

ಬಾಗಿಲಲ್ಲೇ ನಿಂತೆ.

ಪೆಟ್ಟಿಗೆಯ ಜಾಲರಿಯ ಮೇಲೆ ಸಾಲಾಗಿ ಬೀಡಿ ಕಟ್ಟುಗಳು. ಎಲೆ ನೆನೆಸಿ ಸುತ್ತಿದ ಹಸಿ ಬೀಡಿ. ಬಿಸಿ ಹೊರಗೆ ಹೋಗಬಾರದು ಎಂದು ಮೇಲಿಂದ ತಡ್ಪೆ ಬೇರೆ ಕವುಚಿದ್ದಾಳೆ, ಬೀಡಿ ಕಟ್ಟುವಾಗ ಮಡಿಲಲ್ಲಿ ಇಟ್ಟುಕೊಳ್ಳುವ ಅದೇ ಮೊರ!

ಒಳಗೆ ಚಿಕ್ಕು ಮೂಲೆಯಲ್ಲಿ ಕತ್ತು ಮೇಲೆತ್ತಿ ಬಾಯಿ ತೆರೆದಿದೆ.

ದಿನಾ ಹೀಗೇ ಅಂತೆ. ನಾನು ಬರುವ ಮೊದಲು ತೆಗೆದು ಬೀಡಿ ಕಂಪೆನಿಯ ಬ್ರಾಂಚಿಗೆ ಕೊಟ್ಟು ಬರುವುದಂತೆ.

ನನಗೆ ತಲೆ ಕೆಟ್ಟುಹೋಯಿತು. "ಅಮ್ಮಾ, ಅದು ಸಾಯ್ತದೆ! ಗಾಳಿಯೇ ಇಲ್ಲ ಅದಕ್ಕೆ!"

"ಬೂಷ್ಟು ಹಿಡಿದ್ರೆ ಬ್ರಾಂಚಿನವರು ಬೀಡಿ ಬಿಸಾಡ್ತಾರೆ ಮಾರಾಯ್ತಿ." ಅಮ್ಮನ ಸ್ವರವೂ ಏರಿತು. "ಗ್ಯಾಸ್ ಬಂದ ಮೇಲೆ ಒಲೆ ಇಲ್ಲ. ಇಡೀ ಮನೆಯಲ್ಲಿ ಬೆಚ್ಚಗೆ ಇರುವುದು ನಿನ್ನ ಹಾವು ಒಂದೇ. ನಾನು ಎಲ್ಲಿ ಒಣಗಿಸುವುದು, ಹೇಳು!"

ನಾನು ಕಟ್ಟುಗಳನ್ನು ಎತ್ತುತ್ತಾ ಕೂಗಿದೆ, ಹೊಗೆಸೊಪ್ಪಿನ ಪುಡಿ ಒಳಗೆ ಉದುರಿದೆ ನೋಡು, ಅದರ ಶ್ವಾಸಕೋಶಕ್ಕೆ ಆ ಪುಡಿ ವಿಷ.

ಅಮ್ಮನ ಕೈ ನಿಂತಿತು. "ಹೌದಾ? ಛೆ... ಪಾಪ."

ಬೇಗ ಬೇಗ ಎಲ್ಲ ತೆಗೆದಳು. ಸಾಬೂನು ಹಾಕಿ ಕೈ ತೊಳೆದು ಬಂದು, ಚಿಕ್ಕುವಿನ ನೀರು ತಾನೇ ಬದಲಿಸಿದಳು. ಈವರೆಗೆ ಪೆಟ್ಟಿಗೆಯೊಳಗೆ ಕೈ ಹಾಕಿದವಳೇ ಅಲ್ಲ.

"ಅದಕ್ಕೆ ಈ ಪುಡಿ ಅಭ್ಯಾಸ ಇಲ್ಲ ಅಲ್ವಾ" ಅಂದಳು. ಆಮೇಲೆ ಕೆಮ್ಮು ಶುರುವಾಯಿತು, ಮಳೆಗಾಲವಿಡೀ ಇರುವ ಅದೇ ಕೆಮ್ಮು. ಕಂಬ ಹಿಡಿದುಕೊಂಡು ಕೆಮ್ಮಿದಳು.

ಇವತ್ತು ಮೀಟರ್ ಎಪ್ಪತ್ತಕ್ಕೆ ಇಳಿದಿದೆ. ಚಿಕ್ಕು ಬಾಯಿ ಮುಚ್ಚಿ ಮಲಗಿದೆ. ಅಮ್ಮನ ಬೀಡಿಗೆ ಬೇರೆ ಬಲ್ಬ್, ಬೇರೆ ಪೆಟ್ಟಿಗೆ ಮಾಡಿಕೊಟ್ಟಿದ್ದೇನೆ.

ಬೆಳಿಗ್ಗೆಯಿಂದ "ಏಳು, ಡಾಕ್ಟರ ಹತ್ತಿರ ಹೋಗುವ" ಅಂತಿದ್ದೇನೆ. "ನನಗೆ ಎಂಥ ಆಗಿದೆ?" ಅಂತಾಳೆ. ಬೀಡಿ ಕಟ್ಟುತ್ತಾ, ತಲೆ ಎತ್ತದೆ.

ಹಾವನ್ನಾದರೆ ಡಬ್ಬಿಯಲ್ಲಿ ಹಾಕಿಕೊಂಡು ಹೋದೆ. ಅಮ್ಮನನ್ನು ಹೇಗೆ ಕರೆದುಕೊಂಡು ಹೋಗುವುದು, ಯಾರಿಗಾದರೂ ಗೊತ್ತುಂಟಾ?